ಬಳೆ ಅಡವಿಡದೆ ಕ್ರಿಸ್ಮಸ್ ಮಾಡುವುದು ಹೇಗೆ?

ಪ್ರಶ್ನೆ: ನಮ್ಮದು ಕಾಸರಗೋಡಿನ ಬೇಳ ಕಡೆ. ಗಂಡ ಆಟೋ ಓಡಿಸುತ್ತಾರೆ. ಸುಮಾರು 150 ಅಡಿಕೆ ಮರ ಇದೆ. ನಾನು ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಇಬ್ಬರು ಮಕ್ಕಳು, ಜೊತೆಗೆ ಅತ್ತೆ. ಪ್ರತಿ ಡಿಸೆಂಬರಿನಲ್ಲೂ ಕ್ರಿಸ್ಮಸ್ ಖರ್ಚಿಗೆಂದು ನನ್ನ ಬಳೆ ಅಡವಿಟ್ಟು 30,000 ರೂಪಾಯಿ ತರುತ್ತೇವೆ. ಈ ಸಲ ನವೆಂಬರಿನಲ್ಲಿ ಬಿಡಿಸಿದ್ದನ್ನು ಡಿಸೆಂಬರಿನಲ್ಲಿ ಮತ್ತೆ ಇಟ್ಟೆವು. ತಿಂಗಳಿಗೆ 2,000 ಎತ್ತಿಡೋಣ ಅಂತ ಎರಡು ಸಲ ಶುರು ಮಾಡಿದೆ. ಎರಡು ಸಲವೂ ಜೂನ್ ಬಂದಾಗ ಖಾಲಿಯಾಯಿತು. ಚಿಟ್ಟಿಗೆ (ಚಿಟ್ ಫಂಡಿಗೆ) ಸೇರಬೇಕಾ, ಅಂಚೆ ಕಚೇರಿಯಲ್ಲಿ ತಿಂಗಳ ಕಂತಿನ ಆರ್‌ಡಿ ಮಾಡಬೇಕಾ? ಹಬ್ಬ ಸಣ್ಣದು ಮಾಡಿ ಅಂತ ಮಾತ್ರ ಹೇಳಬೇಡಿ.

ಉತ್ತರ: ಹೇಳುವುದಿಲ್ಲ. ನೆವ್ರಿ (ನಮ್ಮ ಕರಿಗಡುಬು) ಕರಿಯದ ಡಿಸೆಂಬರ್ ನನಗೂ ಬೇಡ.

ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಅದರಲ್ಲಿ ಹಲವು ವರ್ಷ ಮಂಜೇಶ್ವರ, ಕುಂಬಳೆ ಕಡೆಯ ಶಾಖೆಗಳಲ್ಲಿ ಕಳೆದೆ. ಡಿಸೆಂಬರ್ 15 ದಾಟಿತು ಅಂದರೆ ಚಿನ್ನದ ಸಾಲದ ಕೌಂಟರಿನಲ್ಲಿ ನಿಮ್ಮಂಥವರ ಸಾಲು ಶುರುವಾಗುತ್ತಿತ್ತು. ಕರವಸ್ತ್ರದ ಗಂಟಿನಿಂದ ಬಳೆ ಹೊರಬರುತ್ತದೆ, ಸರಾಫರು ಒರೆಗಲ್ಲಿಗೆ ತಿಕ್ಕಿ ನೋಡುತ್ತಾರೆ, ತೂಗುತ್ತಾರೆ. ಕೆಲವು ಬಳೆಗಳ ತೂಕ ಅವರಿಗೆ ಬಾಯಿಪಾಠ. ಪ್ರತಿ ವರ್ಷ ಅದೇ ಬಳೆ, ಅದೇ ಕೈ. ಹಾಗಾಗಿ ನಿಮ್ಮ ಕಾಗದ ನನಗೆ ಹೊಸದೇನೂ ಅಲ್ಲ.

ನಿಮ್ಮ 2,000ದ ಲೆಕ್ಕ ಯಾಕೆ ಎರಡು ಸಲ ಕೆಟ್ಟಿತು ಅಂತ ಮೊದಲು ನೋಡೋಣ. ಖರ್ಚನ್ನು ಹನ್ನೆರಡರಿಂದ ಭಾಗಿಸಿ ತಿಂಗಳಿಗೆ ಇಷ್ಟು ಅಂತ ಎತ್ತಿಡುವುದು ಸಂಬಳದವರ ಲೆಕ್ಕ. ತಿಂಗಳ ಕೊನೆಗೆ ಒಂದೇ ಮೊತ್ತ ಕೈಗೆ ಬರುವವರಿಗೆ ಅದು ಸರಿ. ನಿಮ್ಮ ಮನೆಗೆ ದುಡ್ಡು ಹಾಗೆ ಬರುವುದಿಲ್ಲ. ಅಡಿಕೆ ಮಾರಿದಾಗ ಒಟ್ಟಿಗೆ ಬರುತ್ತದೆ. ಹೊಲಿಗೆಗೆ ಸೀಸನ್ ಇದೆ. ಆಟೋದ್ದು ದಿನದ ಚಿಲ್ಲರೆ. ಇನ್ನು ಜೂನ್ ಅಂದರೆ ನಮ್ಮ ಕಡೆ ಏನು ಅಂತ ನಿಮಗೆ ಹೇಳಬೇಕಾಗಿಲ್ಲ. ಶಾಲೆ ಶುರು. ಪುಸ್ತಕ, ಬ್ಯಾಗು, ಕೊಡೆ. ತೋಟಕ್ಕೆ ಬೋರ್ಡೋ ಔಷಧಿ ಹೊಡೆಸಬೇಕು. ಮೈಲುತುತ್ತು, ಸುಣ್ಣ, ಮರ ಹತ್ತುವವರ ಮಜೂರಿ. ನಲವತ್ತು, ನಲವತ್ತೈದು ದಿನ ಬಿಟ್ಟು ಇನ್ನೊಂದು ಸುತ್ತು. ತಪ್ಪಿದರೆ ಕೊಳೆರೋಗ ಬಂದು ಗೊನೆಯೇ ಉದುರುತ್ತದೆ. ಇಂಥ ತಿಂಗಳಲ್ಲಿ ಕ್ರಿಸ್ಮಸ್ ದುಡ್ಡು ಅಂತ ಕಪಾಟಿನಲ್ಲಿ ಹತ್ತು ಸಾವಿರ ಕೂತಿದ್ದರೆ ಅದು ಉಳಿಯುತ್ತದಾ? ನೀವು ತೆಗೆದದ್ದು ತಪ್ಪಲ್ಲ. ತಪ್ಪಿದ್ದು ಯೋಜನೆಯಲ್ಲಿ. ಜೂನ್ ತಿಂಗಳಿಗೂ 2,000 ಅಂತ ಬರೆದುಕೊಂಡಿರಲ್ಲ, ಅದರಲ್ಲಿ.

ಆದ್ದರಿಂದ ಪುಸ್ತಕದಲ್ಲಿ ಜೂನ್, ಜುಲೈ ಎದುರು ಈಗಲೇ ಸೊನ್ನೆ ಬರೆದಿಡಿ. ಮುಂಚೆಯೇ ಬರೆದ ಸೊನ್ನೆ ಸೋಲಲ್ಲ. ಎರಡು ತಿಂಗಳು ಕಟ್ಟದೆ ಇದ್ದಾಗ "ಅಯ್ಯೋ, ಹೇಗೂ ತಪ್ಪಿತಲ್ಲ, ಇನ್ನು ಮುಂದಿನ ವರ್ಷ ನೋಡೋಣ" ಅಂತ ಕೈಬಿಟ್ಟವರನ್ನು ನಾನು ಬಹಳ ನೋಡಿದ್ದೇನೆ.

ಎರಡನೆಯದು, ಕ್ರಿಸ್ಮಸ್‌ಗೆ ನಿಜವಾಗಿ ಎಷ್ಟು ಖರ್ಚಾಗುತ್ತದೆ ಅಂತ ನೀವು ಬರೆದಿಲ್ಲ. ಸಾಲ ತಂದದ್ದು 30,000 ಅಂತ ಮಾತ್ರ ಬರೆದಿದ್ದೀರಿ. ಸಾಲದ ಮೊತ್ತ ಬೇರೆ, ಖರ್ಚಿನ ಮೊತ್ತ ಬೇರೆ. ಬಳೆಗೆ 40,000 ಸಿಗುವ ಹಾಗಿದ್ದರೆ 40,000 ತಂದು ಅಷ್ಟನ್ನೂ ಖರ್ಚು ಮಾಡುತ್ತಿದ್ದಿರೋ ಏನೋ. ಈಗಿನ್ನೂ ಜನವರಿ. ಗೂಗಲ್ ಪೇಯಲ್ಲಿ ಡಿಸೆಂಬರಿನ ಪಟ್ಟಿ ಇದೆ, ಅಂಗಡಿ ಚೀಟಿಗಳು ಎಲ್ಲೋ ಡ್ರಾಯರಿನಲ್ಲಿರುತ್ತವೆ. ಒಂದು ಸಂಜೆ ಗಂಡನನ್ನೂ ಕೂರಿಸಿಕೊಂಡು ಬರೆಯಿರಿ. ಏಪ್ರಿಲ್ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ.

ನಮ್ಮ ಮನೆಯ ಚೀಟಿ ಹೀಗಿದೆ. ನಾವೂ ಐದು ಜನ. ಬಟ್ಟೆ 11,000. ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳು, 4,500. ಮಾಂಸ, ಊಟ, ನೆಂಟರು 5,000. ಗೋದಲಿ (ಬಾಲಯೇಸುವಿನ ಕೊಟ್ಟಿಗೆಯ ಅಲಂಕಾರ), ನಕ್ಷತ್ರ, ಲೈಟು 1,500. ಇಗರ್ಜಿಗೆ, ಬಡವರಿಗೆ 1,500. ಮದುವೆ ಉಡುಗೊರೆ ಮತ್ತು ಓಡಾಟ 6,500. ಎಲ್ಲಿ ಹೋಯಿತೋ ಗೊತ್ತಿಲ್ಲ ಅನ್ನುವ ಬಾಬ್ತು 2,000. ಒಟ್ಟು 32,000.

ಇದರಲ್ಲಿ ಮದುವೆಯ 6,500 ನೋಡಿ. ಅದು ಕ್ರಿಸ್ಮಸ್ ಖರ್ಚೇ ಅಲ್ಲ. ಆಗಮನ ಕಾಲದಲ್ಲಿ, ಅಂದರೆ ಕ್ರಿಸ್ಮಸ್‌ಗೆ ಮುಂಚಿನ ವಾರಗಳಲ್ಲಿ, ನಮ್ಮಲ್ಲಿ ಮದುವೆ ಇಡುವುದಿಲ್ಲ. ಹಾಗಾಗಿ ಎಲ್ಲರೂ ಕಾದು ಕೂತು, ಗಲ್ಫಿನಿಂದ ಅಣ್ಣತಮ್ಮಂದಿರು ಊರಿಗೆ ಬಂದಿರುವಾಗಲೇ, ಡಿಸೆಂಬರ್ 26ರಿಂದ ಜನವರಿ ಪೂರ್ತಿ ಮದುವೆ ಇಡುತ್ತಾರೆ. ಮೊದಲು ರೋಸ್ (ತೆಂಗಿನ ಹಾಲು ಹಚ್ಚುವ ಶಾಸ್ತ್ರ), ಮರುದಿನ ಮದುವೆ, ಎರಡಕ್ಕೂ ಬೇರೆ ಬೇರೆ ಸೀರೆ. ಆಮೇಲೆ "ಕ್ರಿಸ್ಮಸ್‌ಗೆ ತುಂಬಾ ಖರ್ಚಾಯಿತು" ಅಂತ ಹೇಳುತ್ತೇವೆ. ಪಾಪ, ಬಾಲಯೇಸು ಏನು ಮಾಡಿದ! ಮದುವೆಯ ದುಡ್ಡನ್ನು ಬೇರೆ ಸಾಲಿನಲ್ಲಿ ಬರೆಯಿರಿ. ನಿಮ್ಮ ಹಬ್ಬ ನೀವು ಅಂದುಕೊಂಡಷ್ಟು ದುಬಾರಿ ಇರಲಿಕ್ಕಿಲ್ಲ.

ಬಟ್ಟೆಯಲ್ಲಿ ನೀವು ನಮಗಿಂತ ಮುಂದೆ ಇದ್ದೀರಿ, ಹೊಲಿಯುವ ಕೈ ಮನೆಯಲ್ಲೇ ಇದೆ. ನಮ್ಮದೆಲ್ಲ ರೆಡಿಮೇಡ್. ಓಣಂ ಮುಗಿದ ಮೇಲೆ ಉಳಿದ ಬಟ್ಟೆಯನ್ನು ಅಂಗಡಿಯವರು ಇಳಿಸಿ ಕೊಡುತ್ತಾರೆ, ಆಗಲೇ ತಂದಿಡಿ. ಒಂದೇ ತೊಂದರೆ, ಡಿಸೆಂಬರಿನಲ್ಲಿ ಊರಿನವರ ಫ್ರಾಕು, ರವಿಕೆ ಹೊಲಿಯುತ್ತಾ ಸ್ವಂತ ಮಕ್ಕಳದ್ದು 24ರ ರಾತ್ರಿಗೆ ಬಾಕಿಯಾಗುತ್ತದೆ. ದರ್ಜಿ ಮನೆಯ ಹಣೆಬರಹ ಅದು. ಅಕ್ಟೋಬರಿನಲ್ಲೇ ಹೊಲಿದು ಮುಗಿಸಿ. ಮಕ್ಕಳು ಬೆಳೆಯುತ್ತಾರೆ, ಒಂದಿಂಚು ಒಳಗೆ ಬಿಡಿ.

ಕುಸ್ವಾರಿಗೆ ಬರುತ್ತೇನೆ. ಇದರಲ್ಲಿ ಉಳಿಸಿ ಅಂತ ನಾನು ಹೇಳುವುದಿಲ್ಲ, ಹರಡಿ ಅಂತ ಹೇಳುತ್ತೇನೆ. ಕಿಡ್ಯೊ, ನೆವ್ರಿ, ಗುಳಿಯೊ, ತುಕ್ಡಿ, ಕೊಕ್ಕಿಸಾಂ, ಚಕ್ಕುಲಿ, ಮೇಲೊಂದು ಪ್ಲಮ್ ಕೇಕ್. ಸಾಮಾನೆಲ್ಲ ಡಿಸೆಂಬರ್ ಮೂರನೇ ವಾರದಲ್ಲಿ ಒಟ್ಟಿಗೆ ತಂದರೆ ಒಂದೇ ಏಟಿಗೆ ನಾಲ್ಕು ಸಾವಿರ. ಆದರೆ ಗೇರುಬೀಜ ನಮ್ಮ ಕಡೆ ಆಗುವುದು ಮಾರ್ಚಿನಿಂದ ಮೇವರೆಗೆ. ಹಿತ್ತಿಲಲ್ಲಿ ಎರಡು ಮರ ಇದ್ದರೆ ಒಂದು ಡಬ್ಬಿ ಬೀಜ ಮಾರದೆ ಒಣಗಿಸಿ ಇಟ್ಟುಕೊಳ್ಳಿ. ಬೇಕಾದಾಗ ಸುಟ್ಟು ಒಡೆದರಾಯಿತು. ಕೇಕಿನ ಒಣದ್ರಾಕ್ಷಿ, ಚೆರ್ರಿ, ಕಿತ್ತಳೆ ಸಿಪ್ಪೆ ಹೇಗೂ ರಮ್ಮಿನಲ್ಲಿ ನೆನೆಯಬೇಕಲ್ವಾ? ಅಕ್ಟೋಬರಿನಲ್ಲೇ ತಂದು ನೆನೆಹಾಕಿ. ಕೇಕಿಗೂ ಒಳ್ಳೆಯದು, ಕಿಸೆಗೂ ಒಳ್ಳೆಯದು. ಸಕ್ಕರೆ ಮತ್ತು ದಿನಸಿಗೆ ಕೇರಳ ಸರಕಾರದ ಸಪ್ಲೈಕೋ ಅಂಗಡಿ ಇದೆ, ರೇಷನ್ ಕಾರ್ಡು ಹಿಡಿದು ಹೋದರೆ ಸಬ್ಸಿಡಿ ದರದಲ್ಲಿ ಸಿಗುತ್ತದೆ. ಡಿಸೆಂಬರಿನಲ್ಲಿ ಅವರದೂ, ಸಹಕಾರಿ ಸಂಸ್ಥೆಯಾದ ಕನ್ಸ್ಯೂಮರ್‌ಫೆಡ್‌ನದೂ ಕ್ರಿಸ್ಮಸ್ ಸಂತೆ ನಡೆಯುತ್ತದೆ. ಅಲ್ಲಿಗೆ ಕೊನೆಯ ದಿನ ಹೋದರೆ ಖಾಲಿ ಕಪಾಟು ನೋಡಿಕೊಂಡು ಬರಬೇಕು, ಮೊದಲ ಎರಡು ದಿನದಲ್ಲೇ ಹೋಗಿ.

ಎಣ್ಣೆ ಮಾತ್ರ ಕೈ ಸುಡುವ ವಿಷಯ. 2025ರಲ್ಲಿ ಕೇರಳದಲ್ಲಿ ತೆಂಗಿನೆಣ್ಣೆ ಲೀಟರಿಗೆ 400 ರೂಪಾಯಿ ದಾಟಿದ್ದು ನೆನಪಿದೆಯಲ್ಲ. ಹಿಂದಿನ ವರ್ಷದ ಚೀಟಿ ಹಿಡಿದು ಹೋದವರೆಲ್ಲ ಅಂಗಡಿಯಲ್ಲಿ ಬೆಪ್ಪಾದರು. ಆದ್ದರಿಂದ ಹಳೆಯ ಚೀಟಿಯ ಮೊತ್ತಕ್ಕೆ ಹತ್ತರಲ್ಲಿ ಒಂದು ಪಾಲು ಸೇರಿಸಿಯೇ ಹೊಸ ಲೆಕ್ಕ ಹಾಕಿ. ನಮ್ಮ ವಾಡೆಯಲ್ಲಿ (ನೆರೆಕರೆಯಲ್ಲಿ) ಮೂರು ಮನೆಯವರು ಸೇರಿ ಒಂದೇ ಬಾಣಲೆ ಇಡುತ್ತೇವೆ. ಕೊಕ್ಕಿಸಾಂ ಅಚ್ಚು ಎಣ್ಣೆಯಲ್ಲಿ ಚೆನ್ನಾಗಿ ಕಾಯದಿದ್ದರೆ ಹಿಟ್ಟು ಅಚ್ಚಿಗೆ ಹಿಡಿಯುವುದಿಲ್ಲ, ಹಿಡಿದರೂ ಹೂವಾಗಿ ಬಿಡುವುದಿಲ್ಲ. ಮೊದಲ ಐದಾರು ಯಾವಾಗಲೂ ಹಾಳು. ಮೂರು ಮನೆಯಲ್ಲಿ ಬೇರೆ ಬೇರೆ ಕರಿದರೆ ಮೂರು ಸಲ ಹಾಳು, ಮೂರು ಬಾಣಲೆಯಲ್ಲಿ ಉಳಿದ ಎಣ್ಣೆ, ಮೂರು ಪಟ್ಟು ಗ್ಯಾಸು. ಒಟ್ಟಿಗೆ ಮಾಡಿದರೆ ಕಿಡ್ಯೊ ಸುರುಳಿ ಸುತ್ತಲು ಮಕ್ಕಳ ಕೈಯೂ ಸಿಗುತ್ತದೆ. ಬಾಚಣಿಗೆ ಹಲ್ಲಿನ ಮೇಲೆ ಹಿಟ್ಟು ಒತ್ತಿ ಒತ್ತಿ ಸಾಕಾದಾಗ ಮಕ್ಕಳೇ ಮಾಯವಾಗುತ್ತಾರೆ, ಅದು ಬೇರೆ ಮಾತು.

ಈಗ ನಿಮ್ಮ ಲೆಕ್ಕ. ಹಬ್ಬಕ್ಕೆ 25,000 ಸಾಕು ಅಂತ ಹಿಡಿಯುತ್ತೇನೆ. ಬಟ್ಟೆ ಮನೆಯಲ್ಲೇ ಹೊಲಿಯುತ್ತೀರಿ, ಮದುವೆ ಬೇರೆ ಸಾಲು.

ಮೊದಲ 10,000 ಅಡಿಕೆಯಿಂದ. ಚಾಲಿಗೆ (ಒಣಗಿಸಿ ಸುಲಿದ ಅಡಿಕೆಗೆ) ಕಿಲೋಗೆ 400 ಹಿಡಿದರೆ 25 ಕಿಲೋ. ಇದನ್ನು ಮಾರಿ ದುಡ್ಡು ಮಾಡಿ ಇಡಬೇಕು ಅಂತಲೂ ಇಲ್ಲ. ಬ್ಯಾಂಕಿನವನಾಗಿ ಹೀಗೆ ಹೇಳಬಾರದು, ಆದರೂ ಹೇಳುತ್ತೇನೆ. ಒಂದು ಗೋಣಿ ಚಾಲಿಯನ್ನು ಕ್ರಿಸ್ಮಸ್ ಗೋಣಿ ಅಂತ ಬಾಯಿ ಹೊಲಿದು ಅಟ್ಟದಲ್ಲಿ ಇಡಿ. ಹೊಲಿಗೆ ನಿಮಗೆ ಬರುತ್ತದಲ್ಲ! ಹೊಸ ಅಡಿಕೆಗಿಂತ ಹಳೆಯದಕ್ಕೆ ಸಾಮಾನ್ಯವಾಗಿ ರೇಟು ಜಾಸ್ತಿ ಅಂತ ನಿಮಗೂ ಗೊತ್ತು. ಗೋಣಿ ಬಿಚ್ಚಿ ಯಾರೂ ಬ್ಯಾಗು, ಕೊಡೆ ತರುವುದಿಲ್ಲ. ಮಳೆಗಾಲದಲ್ಲಿ ತೇವ ತಾಗದ ಹಾಗೆ, ಹುಳ ಹಿಡಿಯದ ಹಾಗೆ ನೋಡಿಕೊಂಡರೆ ನವೆಂಬರಿಗೆ ಅದು ದುಡ್ಡು. ರೇಟು ಬಿದ್ದರೆ ನಷ್ಟ, ಅದನ್ನು ಮುಚ್ಚಿಡುವುದಿಲ್ಲ. ಆ ಹೆದರಿಕೆ ಇದ್ದರೆ ಮಾರ್ಚಿನಲ್ಲೇ ಮಾರಿ, ನವೆಂಬರಿಗೆ ಮುಗಿಯುವ ಹಾಗೆ ಬ್ಯಾಂಕಿನಲ್ಲಿ ಎಫ್‌ಡಿ ಇಡಿ. ಮಾಡು ಸೋರುವ ಮನೆಯಾದರೆ ಎಫ್‌ಡಿಯೇ ವಾಸಿ.

ಎರಡನೆಯದು ಆಟೋದ ಬೋಣಿ. ಕೇರಳದಲ್ಲಿ 2022ರ ಮೇಯಿಂದ ಆಟೋದ ಕನಿಷ್ಠ ಬಾಡಿಗೆ 30 ರೂಪಾಯಿ. ದಿನದ ಮೊದಲ ಬಾಡಿಗೆಯಲ್ಲಿ ಆ 30 ಕ್ರಿಸ್ಮಸ್‌ನದು. ಜೂನ್, ಜುಲೈ ಬಿಟ್ಟು ಫೆಬ್ರವರಿಯಿಂದ ನವೆಂಬರಿನವರೆಗೆ ಎಂಟು ತಿಂಗಳು. ತಿಂಗಳಿಗೆ 25 ದಿನ ಹಿಡಿದರೆ 6,000. ರಾತ್ರಿ ಉಳಿದದ್ದನ್ನು ಎತ್ತಿಡುತ್ತೇನೆ ಅಂದರೆ ಆಗುವುದಿಲ್ಲ, ರಾತ್ರಿಗೆ ಏನೂ ಉಳಿದಿರುವುದಿಲ್ಲ. ಬೋಣಿಯನ್ನು ಹೇಗೂ ಕಣ್ಣಿಗೊತ್ತಿಕೊಂಡು ಬೇರೆಯೇ ಇಡುವ ಅಭ್ಯಾಸ ಇದೆಯಲ್ಲ, ಅದನ್ನೇ ಮುಂದುವರಿಸಿದರಾಯಿತು. ಈಗ ಬಾಡಿಗೆ ಎಲ್ಲ ಫೋನಿಗೇ ಬರುತ್ತದೆ ಅಂತ ನಿಮ್ಮವರು ಹೇಳಬಹುದು. ನೋಟು ಸಿಕ್ಕಿದ ಮೊದಲ ಬಾಡಿಗೆಯೇ ಬೋಣಿ ಅಂತ ಮಾಡಿಕೊಳ್ಳಿ.

ಮೂರನೆಯದು ನಿಮ್ಮ ಹೊಲಿಗೆ. ಏಪ್ರಿಲಿನಲ್ಲಿ ಮದುವೆ ಬಟ್ಟೆ, ಮೇಯಲ್ಲಿ ಯೂನಿಫಾರ್ಮು, ಆಗಸ್ಟ್ ಸೆಪ್ಟೆಂಬರಿನಲ್ಲಿ ಓಣಂ, ನವೆಂಬರಿನಲ್ಲಿ ಕ್ರಿಸ್ಮಸ್ ಆರ್ಡರು. ಈ ಐದು ತಿಂಗಳು ಮಾತ್ರ 1,400ರಂತೆ, 7,000. ಬೇರೆ ತಿಂಗಳಲ್ಲಿ ಬಂದದ್ದು ಮನೆಗೆ. ಇಲ್ಲಿಗೆ 23,000 ಆಯಿತು. ಉಳಿದ 2,000 ಡಿಸೆಂಬರಿನ ಸಂಪಾದನೆಯಲ್ಲಿ ಬರುತ್ತದೆ. ಡಿಸೆಂಬರಿನಲ್ಲೂ ದುಡಿಯುತ್ತೀರಲ್ಲ, ಅದನ್ನು ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ. ಗಲ್ಫಿನಲ್ಲಿರುವ ತಮ್ಮ ಕಳಿಸುತ್ತಾನೆ ಅನ್ನುವ ದುಡ್ಡನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಡಿ. ಬಂದರೆ ಸಂತೋಷ.

ದುಡ್ಡು ಎಲ್ಲಿಡುವುದು? ಅಂಚೆ ಕಚೇರಿ ಆರ್‌ಡಿ ಒಳ್ಳೆಯದೇ, ಆದರೆ ಅದು ಐದು ವರ್ಷದ್ದು. ಮೂರು ವರ್ಷ ಆಗದೆ ಮುಚ್ಚಲು ಬಿಡುವುದಿಲ್ಲ, ನಡುವೆ ಮುಚ್ಚಿದರೆ ಸಿಗುವುದು ಉಳಿತಾಯ ಖಾತೆಯ ಬಡ್ಡಿ. ಮಗಳ ಕಾಲೇಜಿಗೆ ಅದು ಸರಿ, ಈ ವರ್ಷದ ಕ್ರಿಸ್ಮಸ್‌ಗೆ ಆಗುವುದಿಲ್ಲ. ಬ್ಯಾಂಕಿನಲ್ಲಿ ಒಂದು ವರ್ಷದ ಆರ್‌ಡಿ ಸಿಗುತ್ತದೆ. ಆದರೆ ಅದಕ್ಕೆ ತಿಂಗಳು ತಿಂಗಳು ಒಂದೇ ಕಂತು ಬೇಕು, ನಿಮ್ಮ ಸೊನ್ನೆ ತಿಂಗಳಿಗೆ ಅದು ಒಗ್ಗದು. ನಿಮಗೆ ಹೊಂದುವುದು ಅಂಚೆ ಕಚೇರಿಯ ಸಾದಾ ಉಳಿತಾಯ ಖಾತೆ. 500 ರೂಪಾಯಿಯಲ್ಲಿ ತೆರೆಯಬಹುದು, ಬಡ್ಡಿ 4%. ಎಟಿಎಂ ಕಾರ್ಡು ತೆಗೆದುಕೊಳ್ಳಬೇಡಿ, ಫೋನಿಗೆ ಜೋಡಿಸಬೇಡಿ. ಬೋಣಿ ಡಬ್ಬಿ ತಿಂಗಳಿಗೊಮ್ಮೆ ಅಲ್ಲಿಗೆ ಹೋಗಲಿ.

ಬಡ್ಡಿ ಕಡಿಮೆ ಅಲ್ವಾ ಅಂತ ಕೇಳಬೇಡಿ. 13,000ಕ್ಕೆ ಕೆಲವು ತಿಂಗಳಲ್ಲಿ ಬರುವ ಬಡ್ಡಿ ಎಲ್ಲಿಟ್ಟರೂ ಅಷ್ಟಕ್ಕಷ್ಟೇ. ಇಲ್ಲಿ ಬೇಕಾದದ್ದು ಬಾಗಿಲಿಗೆ ಬೀಗ. ಅಮೆರಿಕದ ಪೆನ್ಸಿಲ್ವೇನಿಯಾದ ಕಾರ್ಲೈಲ್ ಎಂಬ ಊರಿನಲ್ಲಿ 1909ರಲ್ಲಿ ಒಂದು ಬ್ಯಾಂಕು ಕ್ರಿಸ್ಮಸ್ ಕ್ಲಬ್ ಅಂತ ಶುರು ಮಾಡಿತು. ವಾರ ವಾರ ಚಿಲ್ಲರೆ ಕಟ್ಟುವುದು, ಡಿಸೆಂಬರ್ ಬಂದಾಗ ಒಟ್ಟಿಗೆ ಪಡೆಯುವುದು. ಬಡ್ಡಿಯ ಆಸೆಗೆ ಯಾರೂ ಅದಕ್ಕೆ ಸೇರಲಿಲ್ಲ. ಕೈಗೆ ಸಿಗದ ಹಾಗೆ ಇಟ್ಟುಕೊಳ್ಳುತ್ತಾರಲ್ಲ ಅಂತ ಸೇರಿದರು. ಅದು ಅಲ್ಲಿನ ಬೇರೆ ಬ್ಯಾಂಕುಗಳಿಗೂ ಹಬ್ಬಿತು.

ಚಿಟ್ಟಿ. ಮಲಬಾರಿನಲ್ಲಿ ಇದಕ್ಕೆ ಕುರಿ ಅಂತ ಹೆಸರು. ನಮ್ಮ ಕನ್ನಡ ಕಿವಿಗೆ ಯಾಕೋ ಸರಿಯಾಗಿಯೇ ಕೇಳಿಸುತ್ತದೆ. ಚಿಟ್ಟಿ ನಡೆಸುವ ಕೆಎಸ್‌ಎಫ್‌ಇ 1969ರಿಂದ ಇರುವ ಕೇರಳ ಸರಕಾರದ ಸಂಸ್ಥೆ, ದುಡ್ಡು ಮುಳುಗುವ ಭಯ ಇಲ್ಲ. ಆದರೆ ಅದರ ಚಿಟ್ಟಿಗಳು ಹೆಚ್ಚಾಗಿ ವರ್ಷಗಟ್ಟಲೆ ನಡೆಯುವಂಥವು. ನಿಮಗೆ ಬೇಕಾದ ಡಿಸೆಂಬರಿನಲ್ಲೇ ಬೀಳುತ್ತದೆ ಅಂತ ಹೇಳಲಾಗದು. ಬೇಗ ಬೇಕು ಅಂದರೆ ಹರಾಜಿನಲ್ಲಿ ಮೊತ್ತದ ಒಂದು ಪಾಲು ಬಿಟ್ಟುಕೊಡಬೇಕು, ಮೇಲೆ ಜಾಮೀನು ಕೊಡಬೇಕು. ಮನೆ ಕಟ್ಟಲು, ಮದುವೆಗೆ ಅದು ಸರಿ. ನೆವ್ರಿಗೆ ಅಷ್ಟು ದೊಡ್ಡ ಗಾಡಿ ಬೇಡ. ಸೇರುವುದೇ ಆದರೆ, ಎಲ್ಲಿಯಾದರೂ ಸರಿ, ಮಲಯಾಳದ ಫಾರ್ಮಿಗೆ ಓದದೆ ಸಹಿ ಹಾಕಬೇಡಿ. ನಮ್ಮಲ್ಲಿ ಬಹಳ ಜನ ನಾಚಿಕೆಯಿಂದ ತಲೆಯಾಡಿಸಿ ಸಹಿ ಹಾಕುತ್ತಾರೆ. ಓದಲು ಬರುವ ಮಗುವನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ.

ಅಂಗಡಿಯವರ, ನೆರೆಯವರ ಕ್ರಿಸ್ಮಸ್ ಫಂಡು ಮಾತ್ರ ಬೇಡವೇ ಬೇಡ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಒಂದಕ್ಕೆ ಕಟ್ಟುತ್ತಿದ್ದೆ. ಪರಿಚಯದ ಮನುಷ್ಯ, ವಾರ ವಾರ ಮನೆಗೇ ಬಂದು ಪುಸ್ತಕದಲ್ಲಿ ಗೀಚಿ ಹೋಗುತ್ತಿದ್ದ. ನವೆಂಬರ್ ಕೊನೆಗೆ ಬರಲಿಲ್ಲ. ಬ್ಯಾಂಕಿನವನೇ ಮೋಸ ಹೋದದ್ದು ಅಂತ ಹೇಳಿಕೊಳ್ಳಲಾಗದೆ ಮನೆಯಲ್ಲಿ ಬೇರೆ ಏನೋ ಕಥೆ ಕಟ್ಟಿದ್ದೆ. ಬ್ರಿಟನ್ನಿನಲ್ಲಿ ಫೇರ್‌ಪ್ಯಾಕ್ ಅಂತ ಒಂದು ಕಂಪನಿ ಹೀಗೇ ಕ್ರಿಸ್ಮಸ್‌ಗೆಂದು ವರ್ಷವಿಡೀ ದುಡ್ಡು ಕಟ್ಟಿಸಿಕೊಂಡು, 2006ರ ಅಕ್ಟೋಬರಿನಲ್ಲಿ ಬಾಗಿಲು ಹಾಕಿತು. ಒಂದು ಲಕ್ಷಕ್ಕೂ ಹೆಚ್ಚು ಜನರ ಹಬ್ಬದ ದುಡ್ಡು ಹೋಯಿತು. ಅಲ್ಲೂ ಹೆಚ್ಚಾಗಿ ದುಡ್ಡು ವಸೂಲಿ ಮಾಡುತ್ತಿದ್ದದ್ದು ಗುರುತಿನ ನೆರೆಕರೆಯವರೇ. ಬ್ಯಾಂಕಿನಲ್ಲಾದರೆ ಒಬ್ಬರಿಗೆ 5 ಲಕ್ಷದವರೆಗೆ ಠೇವಣಿ ವಿಮೆ ಇದೆ, ಸಹಕಾರಿ ಬ್ಯಾಂಕಿಗೂ ಇದೆ. ಸೊಸೈಟಿ ಅಂತ ಬೋರ್ಡು ಇರುವ ಎಲ್ಲ ಕಡೆ ಆ ವಿಮೆ ಇರುವುದಿಲ್ಲ, ಕೇಳಿ ನೋಡಿ. ನೀವು ಕುಟುಂಬಶ್ರೀ ಮಹಿಳಾ ಸಂಘದಲ್ಲಿ ಇದ್ದರೆ ಅಲ್ಲಿನ ವಾರದ ಉಳಿತಾಯಕ್ಕೆ ಇದನ್ನು ಬೆರೆಸಬೇಡಿ. ಅದು ಸಂಘದ ಒಳಗೆ ಸಾಲವಾಗಿ ತಿರುಗುವ ದುಡ್ಡು.

ಇನ್ನು ಕೇರಳ ಲಾಟರಿಯ ಕ್ರಿಸ್ಮಸ್ ಬಂಪರ್. 400 ರೂಪಾಯಿ ಟಿಕೆಟ್, ಮೊದಲ ಬಹುಮಾನ 20 ಕೋಟಿ. ನಾನೂ ತೆಗೆಯುತ್ತೇನೆ, ಸುಳ್ಳು ಯಾಕೆ ಹೇಳಲಿ. ಆದರೆ ಅದನ್ನು ಖರ್ಚಿನ ಪಟ್ಟಿಯಲ್ಲಿ ಬರೆಯುತ್ತೇನೆ.

ಕೊನೆಗೆ ಬಳೆ. ಇದು ನಿಜವಾಗಿ ಮೊದಲಿಗೆ ಬರಬೇಕಿತ್ತು. ವರ್ಷಕ್ಕೆ 10% ಬಡ್ಡಿ ಹಿಡಿದರೂ 30,000ಕ್ಕೆ ಹನ್ನೊಂದು ತಿಂಗಳಿಗೆ 2,750. ಇಬ್ಬರು ಮಕ್ಕಳ ಹಬ್ಬದ ಬಟ್ಟೆ ಅಷ್ಟರಲ್ಲೇ ಆಗುತ್ತದೆ. ಹೇಗೂ ನೀವು ನವೆಂಬರಿನಲ್ಲಿ ಬಿಡಿಸುತ್ತೀರಿ. ಅದನ್ನೇ ಏಪ್ರಿಲಿನಲ್ಲಿ ಮಾಡಿ. ಅಡಿಕೆಯ ಮೊದಲ ಮಾರಾಟದ ದುಡ್ಡು ಬಳೆಗೆ, ಆಮೇಲೆ ಮನೆಗೆ. ಏಳು ತಿಂಗಳ ಬಡ್ಡಿ, 1,750 ರೂಪಾಯಿ ಉಳಿಯಿತು. ಒಟ್ಟಿಗೆ ಕಟ್ಟಲಾಗದಿದ್ದರೆ ಸಾಲಕ್ಕೆ ಸ್ವಲ್ಪ ಸ್ವಲ್ಪ ಕಟ್ಟುತ್ತಾ ಬರಬಹುದಾ ಅಂತ ಬ್ಯಾಂಕಿನಲ್ಲಿ ಕೇಳಿ. ಸುಮ್ನೆ ಬಡ್ಡಿ ಮಾತ್ರ ಕಟ್ಟಿ ನವೀಕರಿಸಿಕೊಂಡು ಬರಬೇಡಿ. ಈ ವರ್ಷ ಎರಡೂ ಹೊರೆ ಒಟ್ಟಿಗೆ ಬೀಳುತ್ತದೆ, ಬಳೆಯದೂ ಡಿಸೆಂಬರಿನದೂ. ಹಾಗಾಗಿ 25,000 ತುಂಬದೆ 18,000ಕ್ಕೆ ನಿಂತರೆ ಗಾಬರಿಯಾಗಬೇಡಿ. ಗೋದಲಿಗೆ ಹೊಸ ಲೈಟು ಬಿಟ್ಟು ತೆಂಗಿನ ಚಿಪ್ಪಿನಲ್ಲಿ ಮಕ್ಕಳ ಕೈಯಿಂದ ರಾಗಿ ಬಿತ್ತಿಸಿ. ಎರಡು ವಾರದಲ್ಲಿ ಹಸಿರು ಹುಲ್ಲು ಬರುತ್ತದೆ. ನಕ್ಷತ್ರಕ್ಕೆ ಬಿದಿರಿನ ಕಡ್ಡಿ, ಬಣ್ಣದ ಕಾಗದ ಸಾಕು.

ಡಿಸೆಂಬರಿನ ಲೆಕ್ಕದ ಚೀಟಿಯನ್ನು ನಕ್ಷತ್ರದ ಪೆಟ್ಟಿಗೆಯಲ್ಲಿ ಹಾಕಿ ಅಟ್ಟಕ್ಕೆ ಏರಿಸಬೇಡಿ. ನನ್ನ ಹೆಂಡತಿ ಒಮ್ಮೆ ಹಾಗೆ ಮಾಡಿದಳು, ಮತ್ತೆ ಕೈಗೆ ಸಿಕ್ಕಿದ್ದು ಮುಂದಿನ ಡಿಸೆಂಬರಿನಲ್ಲೇ. ನಿಮ್ಮ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಇಡಿ, ಟೇಪು ಮತ್ತು ಕತ್ತರಿಯ ಜೊತೆ.